ಕಿತ್ತೂರಿನ ಕಾಳಗ ತೆರೆಗೆ ಬಂದಾಗ

ಕನ್ನಡದಲ್ಲಿ ಯುದ್ಧವನ್ನೇ ಮುಖ್ಯ ವಸ್ತುವಾಗಿ ತೆಗೆದುಕೊಂಡ ಚಲನಚಿತ್ರಗಳು ಹೆಚ್ಚಿಲ್ಲ. ಇರುವ ಕೆಲವೇ ಚಿತ್ರಗಳಲ್ಲಿ ಒಂದೇ ನೆಲದ ಒಂದೇ ಹೋರಾಟವನ್ನು ಅರ್ಧ ಶತಮಾನದ ಅಂತರದಲ್ಲಿ ಎರಡು ಬೇರೆ ಬೇರೆ ಕಣ್ಣುಗಳಿಂದ ನೋಡಿದ ನಿದರ್ಶನ ಕಿತ್ತೂರಿನದು. ಬಿ. ಆರ್. ಪಂತುಲು ನಿರ್ದೇಶಿಸಿದ 'ಕಿತ್ತೂರು ಚೆನ್ನಮ್ಮ' 1961ರಲ್ಲಿ ಬಂದಿತು. ನಾಗಣ್ಣ ನಿರ್ದೇಶಿಸಿದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' 2012ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ ತೆರೆಕಂಡಿತು. ನಡುವೆ 1967ರಲ್ಲಿ ರಾಯಣ್ಣನ ಹೆಸರಿನ ಇನ್ನೊಂದು ಚಿತ್ರ ಬಂದುಹೋಗಿದ್ದರೂ ಜನರ ನೆನಪಿನಲ್ಲಿ ನಿಂತವು ಮೊದಲು ಹೇಳಿದ ಎರಡೇ. ಕಥೆ ನಡೆದ ನೆಲವೂ ಅದರ ಆಸುಪಾಸೂ ಆದ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳಲ್ಲಿ ಈ ಚಿತ್ರಗಳನ್ನು ಅಭಿಮಾನದಿಂದ ನೋಡಿದವರೂ ಇದ್ದಾರೆ, ನೋಡಿ ಮುಗಿಸಿದ ಮೇಲೆ 'ನಮ್ಮ ಕಥೆ ಪೂರ್ತಿ ಬರಲಿಲ್ಲ' ಎಂದು ಕೊರಗುವವರೂ ಇದ್ದಾರೆ. ಈ ಭಿನ್ನಾಭಿಪ್ರಾಯವನ್ನು ಬರೀ ಅಭಿರುಚಿಯ ವ್ಯತ್ಯಾಸವೆಂದು ಬದಿಗೆ ಸರಿಸಲಾಗದು. ಯುದ್ಧದಲ್ಲಿ ಯಾರ ಮುಖವನ್ನು ತೋರಿಸಬೇಕು, ಯಾರ ಸಾವನ್ನು ಎಣಿಸಬೇಕು ಎಂಬ ಪ್ರಶ್ನೆ ಅದರ ಬುಡದಲ್ಲಿದೆ.

ಚರ್ಚೆಯನ್ನು ಅರಿಯಲು ಮೂಲ ಘಟನೆಗಳ ಪರಿಚಯ ಬೇಕಾಗುತ್ತದೆ. ಕಿತ್ತೂರು ಒಂದು ದೇಸಗತಿ, ಎಂದರೆ ಕಂದಾಯ ವಸೂಲಿಯ ಅಧಿಕಾರದೊಂದಿಗೆ ತನ್ನದೇ ಕೋಟೆಯನ್ನೂ ದಂಡನ್ನೂ ಇಟ್ಟುಕೊಂಡಿದ್ದ ದೇಸಾಯಿ ಮನೆತನದ ಆಡಳಿತ. ಅಲ್ಲಿನ ಮಲ್ಲಸರ್ಜ ದೇಸಾಯಿ ಪೇಶ್ವೆಯ ಸೆರೆಯಲ್ಲಿ ನವೆದು 1816ರಲ್ಲಿ ತೀರಿಕೊಂಡನು; ಅವನ ಮಗ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಸಾಯುವ ಮುನ್ನ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದನು. ಧಾರವಾಡದ ಕಲೆಕ್ಟರನೂ ಕಂಪನಿ ಸರ್ಕಾರದ ಪೊಲಿಟಿಕಲ್ ಏಜೆಂಟನೂ ಆಗಿದ್ದ, ಅಂದರೆ ಸಂಸ್ಥಾನಗಳ ಮೇಲೆ ಕಂಪನಿಯ ಪರವಾಗಿ ಕಣ್ಣಿಡುವ ಅಧಿಕಾರಿಯಾಗಿದ್ದ ಸೇಂಟ್ ಜಾನ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಮೊಹರು ಹಾಕಿಸಿ ಕಾವಲಿಟ್ಟನು. ಮಲ್ಲಸರ್ಜನ ವಿಧವೆ ಚೆನ್ನಮ್ಮ ಮಣಿಯಲಿಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲನ್ನು ತೋಪಿನಿಂದ ಒಡೆಯುವುದಾಗಿ ಥ್ಯಾಕರೆ ಬೆದರಿಸಿದಾಗ ಒಳಗಿದ್ದವರೇ ಬಾಗಿಲು ತೆರೆದು ಮೇಲೆರಗಿದರು. ಥ್ಯಾಕರೆ ಸತ್ತನು, ಕ್ಯಾಪ್ಟನ್ ಬ್ಲ್ಯಾಕ್ ಮೊದಲಾದ ಸೇನಾಧಿಕಾರಿಗಳೂ ಸತ್ತರು. ಅಮಟೂರಿನ ಬಾಳಪ್ಪನ ಗುಂಡು ಥ್ಯಾಕರೆಗೆ ತಗುಲಿತೆಂಬುದು ಈ ಭಾಗದ ಜನರ ಗಟ್ಟಿ ನಂಬಿಕೆ.

ಗೆಲುವು ಆರು ವಾರಗಳಷ್ಟೇ ಉಳಿಯಿತು. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ಸೈನ್ಯದೊಂದಿಗೆ ಮರಳಿದ ಕಂಪನಿಯವರು 5ರ ಹೊತ್ತಿಗೆ ಕೋಟೆಯನ್ನು ಕೈವಶ ಮಾಡಿಕೊಂಡರು. ಆ ಕಾಳಗದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತನು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಆಕೆ 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ಪ್ರಾಣಬಿಟ್ಟಳು. ಸಮಾಧಿ ಇಂದಿಗೂ ಬೈಲಹೊಂಗಲ ಪಟ್ಟಣದಲ್ಲಿದೆ. ಮಲಪ್ರಭೆಯ ದಂಡೆಯ ಸಂಗೊಳ್ಳಿಯ ರಾಯಣ್ಣ ಆ ಬಳಿಕ ಶಿವಲಿಂಗಪ್ಪನನ್ನು ಮತ್ತೆ ಗಾದಿಗೆ ತರುವ ಹೆಸರಿನಲ್ಲಿ ಜನರನ್ನು ಕೂಡಿಸಿ, ಕಾಡುಮೇಡುಗಳಲ್ಲಿ ಅಡಗಿ ದಿಢೀರನೆ ಎರಗುವ ಗೆರಿಲ್ಲಾ ಪದ್ಧತಿಯಿಂದ ಬೀಡಿ, ನಂದಗಡ, ಸಂಪಗಾವಿ ಮೊದಲಾದ ಕಡೆಗಳಲ್ಲಿ ಕಂಪನಿಯ ಕಚೇರಿಗಳಿಗೆ ಬೆಂಕಿಯಿಟ್ಟು, 1830ರ ಏಪ್ರಿಲ್‌ನಲ್ಲಿ ಮೋಸದಿಂದ ಸೆರೆಸಿಕ್ಕಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು.

ಪಂತುಲು ಅವರ ಚಿತ್ರವನ್ನು ಅದು ಹುಟ್ಟಿದ ಕಾಲದಲ್ಲಿಟ್ಟು ನೋಡಬೇಕು. 1956ರ ನವೆಂಬರ್ 1ರಂದು ಕನ್ನಡದ ಜಿಲ್ಲೆಗಳು ಒಂದಾಗಿ ಆಗಷ್ಟೇ ಐದು ವರ್ಷ ಕಳೆದಿದ್ದವು. ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ, ಧಾರವಾಡ, ವಿಜಾಪುರಗಳ ಇತಿಹಾಸವು ಹಳೆ ಮೈಸೂರಿನ ಪ್ರೇಕ್ಷಕರಿಗೆ ಇನ್ನೂ ಪೂರ್ತಿಯಾಗಿ 'ನಮ್ಮದು' ಎನಿಸಿರಲಿಲ್ಲ. ಎರಡು ವರ್ಷಗಳ ಹಿಂದೆ, 1959ರಲ್ಲಿ, ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರನ್ನಿಟ್ಟು 'ವೀರಪಾಂಡ್ಯ ಕಟ್ಟಬೊಮ್ಮನ್' ತೆಗೆದು ಹೆಸರು ಮಾಡಿದ್ದ ಪಂತುಲು, ಕನ್ನಡದಲ್ಲಿ ಅದಕ್ಕೆ ಸಮನಾದ ವಸ್ತುವನ್ನು ಕಿತ್ತೂರಿನಲ್ಲಿ ಕಂಡರು. ಬಿ. ಸರೋಜಾದೇವಿ ಚೆನ್ನಮ್ಮನಾಗಿ, ರಾಜಕುಮಾರ್ ಮಲ್ಲಸರ್ಜನಾಗಿ ನಟಿಸಿದರು, ಟಿ. ಜಿ. ಲಿಂಗಪ್ಪ ಸಂಗೀತ ನೀಡಿದರು. ಪಿ. ಸುಶೀಲಾ ಹಾಡಿದ ಅಕ್ಕಮಹಾದೇವಿಯ ವಚನವು ಚಿತ್ರದಿಂದ ಹೊರಬಂದು ಮನೆಮನೆಯ ಹಾಡಾಯಿತು. ಸರೋಜಾದೇವಿ 2025ರ ಜುಲೈನಲ್ಲಿ ತೀರಿಕೊಂಡಾಗ ನಾಡು ಮೊದಲು ನೆನೆದ ಪಾತ್ರಗಳಲ್ಲಿ ಚೆನ್ನಮ್ಮನದೂ ಒಂದಾಗಿತ್ತು.

ಈ ಚಿತ್ರವನ್ನು ಮೆಚ್ಚುವವರ ವಾದಕ್ಕೆ ಬಲವಿದೆ. ಕಿತ್ತೂರಿನ ಹೆಸರನ್ನೇ ಕೇಳದ ಊರುಗಳಿಗೆ ಚೆನ್ನಮ್ಮನನ್ನು ತಲುಪಿಸಿದ್ದು, ಪಾಠಪುಸ್ತಕದ ಒಂದು ಪುಟವಾಗಿದ್ದವಳಿಗೆ ಮುಖ, ದನಿ, ನಡಿಗೆಗಳನ್ನು ಕೊಟ್ಟಿದ್ದು ಈ ಚಿತ್ರ. ವಿಧವೆಯೊಬ್ಬಳು ಆಡಳಿತದ ಹೊಣೆ ಹೊತ್ತು ಯುದ್ಧದ ನಿರ್ಧಾರ ಕೈಗೊಳ್ಳುವುದನ್ನು ಅಂದಿನ ಕುಟುಂಬ ಪ್ರೇಕ್ಷಕರು ಗೌರವದಿಂದ ನೋಡುವಂತೆ ಮಾಡಿದ್ದೂ ಸಣ್ಣ ಸಾಧನೆಯಲ್ಲ. ಒಪ್ಪದವರ ಮಾತು ಬೇರೆ. ಯುದ್ಧದ ಕಥೆಯಲ್ಲಿ ಯುದ್ಧಕ್ಕಿಂತ ಅರಮನೆಯ ಬಾಳುವೆಗೆ ಹೆಚ್ಚು ಜಾಗ ಸಿಕ್ಕಿತೆಂದೂ, ಮಾತು ಮದರಾಸಿನ ಸ್ಟುಡಿಯೋದಲ್ಲಿ ಹದಗೊಂಡ ಗ್ರಾಂಥಿಕ ಕನ್ನಡವಾಯಿತೇ ಹೊರತು ಕಿತ್ತೂರು ಸೀಮೆಯ ಗಂಡುಗನ್ನಡವಾಗಲಿಲ್ಲವೆಂದೂ, ಕೋಟೆಯ ಒಳಗೆ ನಿಂತು ನೋಡಿದ ಕ್ಯಾಮೆರಾ ಕೋಟೆಯ ಹೊರಗಿನ ಊರುಗಳತ್ತ ತಿರುಗಲಿಲ್ಲವೆಂದೂ ಅವರು ಹೇಳುತ್ತಾರೆ. ಭಾಷೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ಬೈಲಹೊಂಗಲದ ಕಡೆಯವರಿಗೆ ಚೆನ್ನಮ್ಮ 'ಚೆನ್ನವ್ವ'. ಸಿಟ್ಟು, ಅಕ್ಕರೆ, ಆಣತಿ ಮೂರೂ ಅವರ ಬಾಯಲ್ಲಿ ಪಡೆಯುವ ಧಾಟಿ ಬೇರೆಯೇ. ತಮ್ಮ ರಾಣಿ ತಮ್ಮಂತೆ ಮಾತನಾಡಲಿಲ್ಲವೆಂಬ ಕೊರತೆ, ಅರವತ್ತು ವರ್ಷಗಳ ಮೇಲೂ ಕೊರತೆಯೇ.

2012ರ ಚಿತ್ರ ಇನ್ನೊಂದು ಕಾಲದ ಕೂಸು. ದರ್ಶನ್ ರಾಯಣ್ಣನಾಗಿ, ಜಯಪ್ರದಾ ಚೆನ್ನಮ್ಮನಾಗಿ ನಟಿಸಿದ ಈ ಚಿತ್ರ ಆ ಹೊತ್ತಿಗೆ ಕನ್ನಡದಲ್ಲಿ ಅತಿ ಹೆಚ್ಚು ವೆಚ್ಚದಲ್ಲಿ ತಯಾರಾದವುಗಳಲ್ಲಿ ಒಂದೆಂದು ಹೆಸರಾಯಿತು. ಬೆಳಗಾವಿಯವರೇ ಆದ ಆನಂದ ಅಪ್ಪುಗೋಳ ಇದರ ನಿರ್ಮಾಪಕರು. ನೂರಾರು ಜನರ ಕಾಲಾಳುಪಡೆ, ಕುದುರೆಗಳು, ತೋಪುಗಳು, ಉರಿಯುವ ಕಚೇರಿಗಳು ಇಷ್ಟು ದೊಡ್ಡ ಪ್ರಮಾಣದಲ್ಲಿ ಕನ್ನಡದ ತೆರೆಯ ಮೇಲೆ ಅದಕ್ಕೂ ಮೊದಲು ಬಂದದ್ದು ವಿರಳ. ಕಿತ್ತೂರಿನ ಹೋರಾಟ ರಾಣಿಯ ಸೆರೆಯೊಂದಿಗೆ ಮುಗಿಯಲಿಲ್ಲ, ಊರಿನ ಸಾಮಾನ್ಯ ಕುರುಬ ಮನೆತನದ ಮಗನೊಬ್ಬ ಅದನ್ನು ಐದು ವರ್ಷಗಳ ಮೇಲೆ ಮತ್ತೆ ಹೊತ್ತಿಸಿದನೆಂಬ ಸಂಗತಿಯನ್ನು ಈ ಚಿತ್ರ ನಾಡಿನ ಮೂಲೆಮೂಲೆಗೂ ಮುಟ್ಟಿಸಿತು. 1961ರ ಚಿತ್ರ ಕೋಟೆಯೊಳಗಿನ ಕಥೆಯಾಗಿದ್ದರೆ ಇದು ಕೋಟೆಯ ಹೊರಗಿನದು ಎಂದು ಮೆಚ್ಚುವವರು ಹೇಳುವ ಮಾತಿನಲ್ಲಿ ಸತ್ಯಾಂಶವಿದೆ.

ಆಕ್ಷೇಪಗಳು ಹುಟ್ಟುವುದು ಕಾಳಗದ ದೃಶ್ಯಗಳಲ್ಲಿಯೇ. ಜನಪ್ರಿಯ ಸಿನಿಮಾದ ಹೊಡೆದಾಟಕ್ಕೆ ಅದರದೇ ಒಂದು ವ್ಯಾಕರಣವಿದೆ: ನಾಯಕನೊಬ್ಬನೇ ಹತ್ತಾರು ಜನರನ್ನು ಎದುರಿಸುತ್ತಾನೆ, ಅವನ ಏಟಿಗೆ ಎದುರಾಳಿ ಗಾಳಿಯಲ್ಲಿ ಹಾರಿ ಬೀಳುತ್ತಾನೆ, ಮುಖ್ಯ ಕ್ಷಣಗಳನ್ನು ಸ್ಲೋ ಮೋಷನ್‌ನಲ್ಲಿ, ಅಂದರೆ ಚಲನೆಯನ್ನು ನಿಧಾನಗೊಳಿಸಿ ತೋರಿಸಿ ಪ್ರೇಕ್ಷಕರ ಚಪ್ಪಾಳೆಗೆ ಬಿಡುವು ಕೊಡಲಾಗುತ್ತದೆ. ರಾಯಣ್ಣನ ಹೋರಾಟದ ಗುಣ ಇದಕ್ಕೆ ನೇರ ವಿರುದ್ಧವಾದದ್ದು. ಗೆರಿಲ್ಲಾ ಕಾಳಗವೆಂದರೆ ಸಂಖ್ಯೆಯಲ್ಲೂ ಆಯುಧದಲ್ಲೂ ಕಡಿಮೆಯಿರುವವರು, ಎದುರಾಳಿಗೆ ಎದೆಗೊಟ್ಟು ನಿಲ್ಲದೆ, ರಾತ್ರಿಯನ್ನೂ ಕಾಡನ್ನೂ ಊರವರ ಮೌನವನ್ನೂ ಆಯುಧವಾಗಿ ಬಳಸುವ ವಿಧಾನ. ಅದರಲ್ಲಿ ಕಾಯುವುದೇ ಹೆಚ್ಚು, ಹೊಡೆಯುವುದು ಕಡಿಮೆ. ಯಾರೋ ತಂದುಕೊಟ್ಟ ರೊಟ್ಟಿಯ ಬುತ್ತಿ, ಯಾರೋ ಮುಟ್ಟಿಸಿದ ಸುದ್ದಿ, ಯಾರದೋ ಹಟ್ಟಿಯಲ್ಲಿ ಕಳೆದ ಒಂದು ರಾತ್ರಿ ಇವುಗಳ ಮೇಲೆ ಇಡೀ ದಂಡು ನಿಂತಿರುತ್ತದೆ. ತಾರಾನಟನ ಸುತ್ತ ಹೆಣೆದ ಕಾಳಗದಲ್ಲಿ ಈ ಊರವರು ಹಿನ್ನೆಲೆಯ ಗುಂಪಾಗಿಬಿಡುತ್ತಾರೆ. ಚೆನ್ನಮ್ಮನ ಪಾತ್ರವೂ ರಾಯಣ್ಣನ ನೆರಳಿಗೆ ಸರಿಯಿತೆಂಬ ದೂರು ಕಿತ್ತೂರಿನ ಕಡೆಯಿಂದ ಬಂದರೆ ಅದನ್ನು ಅಚ್ಚರಿಯೆನ್ನಲಾಗದು.

ಆದರೆ 'ಉತ್ಪ್ರೇಕ್ಷೆ' ಎಂಬ ಒಂದೇ ಮಾತಿನಿಂದ ಈ ಚಿತ್ರವನ್ನು ತಳ್ಳಿಬಿಡುವವರು ಈ ನೆಲದ ಕಥನ ಪರಂಪರೆಯನ್ನು ಮರೆಯುತ್ತಾರೆ. ಕಿತ್ತೂರಿನ ಯುದ್ಧ ಮೊದಲು ಉಳಿದದ್ದು ಕಾಗದದ ಮೇಲಲ್ಲ, ಲಾವಣಿಕಾರರ ನಾಲಿಗೆಯ ಮೇಲೆ. ಲಾವಣಿಯೆಂದರೆ ಡಪ್ಪು, ತುಂತುಣಿಗಳ ಜೊತೆಗೆ ವೀರರ ಕಥೆಯನ್ನೋ ಊರಿನ ಘಟನೆಯನ್ನೋ ಹಾಡಿ ಹೇಳುವ ಕಥನಗೀತೆ. ಕಂಪನಿಯ ಬಳಿಕದ ಬ್ರಿಟಿಷ್ ಆಡಳಿತದಲ್ಲಿ ಅಧಿಕಾರಿಯಾಗಿದ್ದು ಶಾಸನಗಳ ಸಂಗ್ರಹದಿಂದ ಹೆಸರಾದ ಜೆ. ಎಫ್. ಫ್ಲೀಟ್, 19ನೆಯ ಶತಮಾನದ ಉತ್ತರಾರ್ಧದಲ್ಲಿ ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ದಂಗೆಯದೂ ಒಂದು. ತಮ್ಮ ಸರ್ಕಾರದ ವಿರುದ್ಧ ದಂಗೆಯೆದ್ದವನ ಹಾಡನ್ನು ಆ ಸರ್ಕಾರದ ಅಧಿಕಾರಿಯೇ ಬರೆದಿಟ್ಟುಕೊಂಡನೆಂದರೆ, ಗಲ್ಲಿಗೇರಿಸಿ ದಶಕಗಳು ಕಳೆದರೂ ರಾಯಣ್ಣ ಊರುಗಳಲ್ಲಿ ಎಷ್ಟು ಜೀವಂತವಾಗಿದ್ದನೆಂಬುದು ಗೊತ್ತಾಗುತ್ತದೆ. ಲಾವಣಿಕಾರನೂ ಹಿಗ್ಗಿಸಿಯೇ ಹಾಡುತ್ತಿದ್ದನು. ವೀರನನ್ನು ಮೂರಾಳೆತ್ತರಕ್ಕೆ ಏರಿಸುವುದು ಅವನ ಕಲೆಯ ಭಾಗವೇ ಆಗಿತ್ತು.

ಹಾಗಿದ್ದರೆ ಲಾವಣಿಗೆ ಒಪ್ಪುವ ಹಿಗ್ಗು ಸಿನಿಮಾಕ್ಕೆ ಏಕೆ ಒಪ್ಪದು? ಲಾವಣಿಯಲ್ಲಿ ವೀರನ ಎತ್ತರ ಮಾತಿನಲ್ಲಿ ಏರುತ್ತದೆ, ಕೇಳುವವನು ಅದನ್ನು ಹಾಡೆಂದೇ ತಿಳಿದು ಕೇಳುತ್ತಾನೆ. ಸಿನಿಮಾದಲ್ಲಿ ಅದೇ ಎತ್ತರ ಕಣ್ಣಿಗೆ ಕಟ್ಟಿದ ಚಿತ್ರವಾಗಿ, ನಡೆದದ್ದೇ ಹೀಗೆ ಎಂಬ ಭ್ರಮೆಯಾಗಿ ಮನಸ್ಸಿನಲ್ಲಿ ಕೂರುತ್ತದೆ. ಅಲ್ಲದೆ ಲಾವಣಿ ತನ್ನ ಊರುಗಳ ಹೆಸರನ್ನೂ ವೀರನ ಜೊತೆಗಾರರ ಹೆಸರನ್ನೂ ಎತ್ತಿ ಹಾಡುತ್ತದೆ; ಕೇಳುವವರು ಆ ಹೆಸರುಗಳ ಬಂಧುಬಳಗ. ಹಿಗ್ಗಿಸಿದರೂ ಲಾವಣಿ ಊರನ್ನು ಕಳೆದುಕೊಳ್ಳುವುದಿಲ್ಲ. 2012ರ ಚಿತ್ರದ ನಿಜವಾದ ಕೊರತೆಯಿರುವುದು ಇಲ್ಲಿ.

ಬೈಲಹೊಂಗಲ ಸೀಮೆಯ ಪ್ರೇಕ್ಷಕರು ಕಥೆಯನ್ನು ಒರೆಗೆ ಹಚ್ಚಿ ನೋಡುವುದರಲ್ಲಿ ಮೊದಲಿನಿಂದಲೂ ಪಳಗಿದವರೆಂಬುದನ್ನೂ ಇಲ್ಲಿ ನೆನೆಯಬೇಕು. ಉತ್ತರ ಕರ್ನಾಟಕದ ಸಣ್ಣಾಟಗಳಲ್ಲಿ, ಎಂದರೆ ಪುರಾಣ ಬಿಟ್ಟು ಸಾಮಾಜಿಕ ವಸ್ತುವನ್ನು ಹಾಡು, ಮಾತುಗಳಲ್ಲಿ ಆಡುವ ಬಯಲಾಟದ ಪ್ರಕಾರದಲ್ಲಿ, ಎಲ್ಲಕ್ಕಿಂತ ಹೆಸರಾದ 'ಸಂಗ್ಯಾ ಬಾಳ್ಯಾ' ಬೈಲಹೊಂಗಲದಲ್ಲಿಯೇ ನಡೆದ ಘಟನೆಯ ಮೇಲೆ ಕಟ್ಟಿದ್ದು. ಆಟದಲ್ಲಿ ಬಂದದ್ದೇ ನಿಜವೇ ಎಂಬ ಪ್ರಶ್ನೆಯನ್ನೆತ್ತಿ ಎಂ. ಎಂ. ಕಲಬುರ್ಗಿ 'ಖರೇ ಖರೇ ಸಂಗ್ಯಾ ಬಾಳ್ಯಾ' ಎಂಬ ನಾಟಕವನ್ನೇ ಬರೆದರು. ಸವದತ್ತಿ ತಾಲೂಕಿನ ಏಣಗಿಯಲ್ಲಿ ಹುಟ್ಟಿ, ಸ್ತ್ರೀಪಾತ್ರಗಳಿಂದ ಆರಂಭಿಸಿ ತಮ್ಮದೇ ಕಂಪನಿ ಕಟ್ಟಿ ನೂರು ದಾಟಿ ಬದುಕಿದ ಏಣಗಿ ಬಾಳಪ್ಪನವರಂಥ ರಂಗಕರ್ಮಿಗಳು ಬೆಳೆದದ್ದು ಇಂಥ ಪ್ರೇಕ್ಷಕರ ಎದುರಿನಲ್ಲಿ. ಆದುದರಿಂದ ಈ ಭಾಗದವರು ಚಿತ್ರವನ್ನು ನೋಡಿ 'ಖರೆ ಹಿಂಗ ಇತ್ತೇನು?' ಎಂದು ಕೇಳಿದರೆ ಅದು ಸಿನಿಮಾ ತಿಳಿಯದವರ ಪ್ರಶ್ನೆಯಲ್ಲ. ಕಥೆ ಕಟ್ಟುವ ಕಸುಬನ್ನು ಚೆನ್ನಾಗಿ ಬಲ್ಲವರ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಮೊದಲು ಎದುರಾಗುವುದು 'ಶೇತಸನದಿ' ಎಂಬ ಶಬ್ದ. ಶೇತವೆಂದರೆ ಮರಾಠಿಯಲ್ಲಿ ಹೊಲ, ಸನದು ಎಂದರೆ ಅಧಿಕಾರಪತ್ರ; ಊರಿನ ಕಾವಲು ಮತ್ತು ಅಗತ್ಯ ಬಿದ್ದಾಗ ದಂಡಿನ ಚಾಕರಿ ಮಾಡುವುದಕ್ಕೆ ಪ್ರತಿಯಾಗಿ ಸನದಿನ ಮೂಲಕ ಹೊಲ ಪಡೆದವನು ಶೇತಸನದಿ. ಪಗಾರದ ಸಿಪಾಯಿಯಲ್ಲ, ಅರಮನೆಯ ಸರದಾರನೂ ಅಲ್ಲ. ಒಂದು ಕೈಯಲ್ಲಿ ಕೂರಿಗೆ, ಇನ್ನೊಂದರಲ್ಲಿ ಕತ್ತಿ ಹಿಡಿದ ರೈತ. ರಾಯಣ್ಣ ಸಂಗೊಳ್ಳಿಯ ಶೇತಸನದಿಯಾಗಿದ್ದನು. ದೇಸಗತಿ ಕಂಪನಿಯ ವಶವಾದ ಮೇಲೆ ಇಂಥ ಚಾಕರಿಯೇ ಬೇಡವೆನಿಸಿ, ಚಾಕರಿಯ ಹೊಲಗಳ ಮೇಲೆ ಕಂಪನಿಯ ಕಣ್ಣು ಬಿತ್ತು. ಕೆಲವನ್ನು ಮುಟ್ಟುಗೋಲು ಹಾಕಿ, ಉಳಿದವುಗಳ ಮೇಲೆ ಕಂದಾಯ ಹೇರಿದರು. ರಾಯಣ್ಣನ ದಂಡು ಕಚೇರಿಗಳಿಗೆ ಬೆಂಕಿಯಿಟ್ಟದ್ದು ಏಕೆಂಬುದು ಆಗ ತಿಳಿಯುತ್ತದೆ: ಆ ಕಚೇರಿಗಳಲ್ಲಿದ್ದದ್ದು ಕಂದಾಯದ ಲೆಕ್ಕ, ಯಾರ ಹೊಲ ಯಾರ ಕೈಗೆ ಹೋಯಿತೆಂಬ ದಾಖಲೆ. ತೆರೆಯ ಮೇಲೆ ಬೆಂಕಿ ಭವ್ಯವಾಗಿ ಕಾಣುತ್ತದೆ. ಸುಟ್ಟುಹೋಗುತ್ತಿರುವ ಕಾಗದದಲ್ಲಿ ಏನು ಬರೆದಿತ್ತೆಂಬುದು ತಿಳಿದರೆ ಮಾತ್ರ ಅದು ಯುದ್ಧದ ದೃಶ್ಯವಾಗುತ್ತದೆ, ಇಲ್ಲವಾದರೆ ಬರೀ ಬೆಂಕಿಯ ದೃಶ್ಯ.

ರಾಯಣ್ಣನನ್ನು ಚೆನ್ನಮ್ಮನ ಸೇನಾಧಿಪತಿಯೆಂದು ತೋರಿಸುವುದರಿಂದ ಅವನ ಘನತೆ ಹೆಚ್ಚುತ್ತದೆಂದು ನಂಬುವವರಿದ್ದಾರೆ. ಈ ಲೇಖನದ ನಿಲುವು ಬೇರೆ. ಸೇನಾಧಿಪತಿಯೊಬ್ಬ ಯುದ್ಧ ಮಾಡುವುದು ಅವನ ಕೆಲಸ. ಸಂಸ್ಥಾನವೇ ಮುಳುಗಿ, ಸರದಾರರು ಚದುರಿ, ರಾಣಿ ಸೆರೆಮನೆ ಸೇರಿದ ಮೇಲೆ ಊರಿನ ಒಬ್ಬ ಶೇತಸನದಿ ತನ್ನಂಥವರನ್ನೇ ಕೂಡಿಸಿಕೊಂಡು ತಿಂಗಳುಗಟ್ಟಲೆ ಕಂಪನಿಯನ್ನು ನಿದ್ದೆಗೆಡಿಸಿದ್ದು ಅದಕ್ಕಿಂತ ಎಷ್ಟೋ ದೊಡ್ಡದು. ಸತ್ಯವೇ ಇಷ್ಟು ಎತ್ತರವಾಗಿರುವಾಗ ಅದಕ್ಕೆ ಪದವಿಯ ಏಣಿ ಬೇಕಾಗಿಲ್ಲ.

ಎದುರಾಳಿಯ ಕಡೆಯೂ ಚಿತ್ರಗಳು ತೋರಿಸದೆ ಬಿಟ್ಟದ್ದು ಬಹಳ. ಕೆಂಪು ಅಂಗಿಯ ದಂಡನ್ನು ತೆರೆಯ ಮೇಲೆ ಕಂಡಾಗ ಪ್ರೇಕ್ಷಕ ಅದನ್ನು ಇಡಿಯಾಗಿ 'ಬಿಳಿಯರು' ಎಂದುಕೊಳ್ಳುತ್ತಾನೆ. ಆದರೆ ಕಂಪನಿಯ ಸೈನ್ಯದ ಬಹುಭಾಗ ಭಾರತೀಯ ಸಿಪಾಯಿಗಳದು. ಹೊಟ್ಟೆಪಾಡಿಗೆ ಸೇರಿದ ಅವರು ಕಿತ್ತೂರಿನ ಕೋಟೆಯ ಮುಂದೆ ಸಾಯಲು ಬಂದವರಾಗಿದ್ದರು, ಅವರ ಹೆಸರು ಯಾವ ಸ್ಮಾರಕದಲ್ಲೂ ಎದ್ದು ಕಾಣದು. ಥ್ಯಾಕರೆ, ಮನ್ರೋಗಳ ನೆನಪಿಗೆ ಧಾರವಾಡದಲ್ಲಿ ಸ್ತಂಭ ನಿಂತಿತು. ಅಕ್ಟೋಬರ್ ಕಾಳಗದಲ್ಲಿ ಕಿತ್ತೂರಿನವರ ಕೈಗೆ ಒತ್ತೆಯಾಳುಗಳಾಗಿ ಸಿಕ್ಕ ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳ ಕಥೆಯಂತೂ ಯಾವುದೇ ಚಿತ್ರಕಥೆಗಾರನಿಗೆ ಸಿಕ್ಕ ಬಂಗಾರ. ಅವರ ಜೀವಕ್ಕೆ ಅಪಾಯವಾಗದಂತೆ ಕಿತ್ತೂರಿನವರು ನೋಡಿಕೊಂಡು ಬಳಿಕ ಬಿಟ್ಟುಕೊಟ್ಟರು. ಆ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಮಾಡಿಸಿ ಸಂಗ್ರಹಿಸಿದನು. ಕಲ್ಯಾಣದ ಚಾಲುಕ್ಯರ ಇತಿಹಾಸ ಬೆಳಕಿಗೆ ಬರುವುದರಲ್ಲಿ ಅವನ ಪಾಲು ದೊಡ್ಡದು. ಕಿತ್ತೂರಿನ ಕತ್ತಿ ಅಂದು ತಡೆದು ನಿಂತದ್ದರಿಂದ ಕನ್ನಡದ ಕಲ್ಲುಗಳು ಮಾತನಾಡಿದವು. ಯುದ್ಧದ ನಡುವೆ ತೋರಿದ ಈ ಸಂಯಮವು ಗುಂಡಿನ ಸದ್ದಿಗಿಂತ ಚೆನ್ನಮ್ಮನ ವ್ಯಕ್ತಿತ್ವವನ್ನು ಚೆನ್ನಾಗಿ ಹೇಳುತ್ತದೆ.

ದ್ರೋಹದ ಪ್ರಸಂಗ ಇನ್ನೊಂದು ಸೂಕ್ಷ್ಮ ವಿಷಯ. ಮದ್ದಿನಲ್ಲಿ ಸಗಣಿ ಬೆರೆಸಿ ತೋಪುಗಳು ಹಾರದಂತೆ ಮಾಡಿದರೆಂಬ ಕಥೆ ಮನೆಮನೆಯಲ್ಲಿದೆ. ರಾಯಣ್ಣನನ್ನು ಮೈತೊಳೆಯುವಾಗ ನಿರಾಯುಧನಾಗಿದ್ದ ಹೊತ್ತಿನಲ್ಲಿ ನಂಬಿದವರೇ ಹಿಡಿದುಕೊಟ್ಟರೆಂಬುದೂ ಹಾಗೆಯೇ ಜನಜನಿತ. ಸಿನಿಮಾಕ್ಕೆ ಈ ಪ್ರಸಂಗಗಳು ಒದಗುವುದು ಸಹಜ. ಆದರೆ ಸೋಲಿನ ಭಾರವನ್ನೆಲ್ಲ ಇಬ್ಬರು ಮೂವರು ದ್ರೋಹಿಗಳ ತಲೆಗೆ ಕಟ್ಟಿದಾಗ ಡಿಸೆಂಬರಿನಲ್ಲಿ ಕಿತ್ತೂರಿನ ಮುಂದೆ ನೆರೆದ ಸೈನ್ಯದ ಗಾತ್ರ, ಅದರ ತೋಪುಗಳ ಬಲ, ನೆರೆಯ ಸಂಸ್ಥಾನಗಳು ಕೈಕಟ್ಟಿ ಕುಳಿತದ್ದು ಇವೆಲ್ಲ ಮರೆಯಾಗುತ್ತವೆ. ಅದಕ್ಕಿಂತ ಹೆಚ್ಚಾಗಿ, ದ್ರೋಹಿಗಳ ಊರು, ಮನೆತನಗಳ ಹೆಸರನ್ನು ದೊಡ್ಡ ಪರದೆಯ ಮೇಲೆ ಕೂಗಿ ಹೇಳಿದಾಗ ಇನ್ನೂರು ವರ್ಷಗಳ ಬಳಿಕ ಆ ಊರುಗಳಲ್ಲಿ ಬಾಳುತ್ತಿರುವ ಮಕ್ಕಳ ಮನಸ್ಸಿಗೆ ಏನಾಗುತ್ತದೆಂಬುದನ್ನೂ ಚಿತ್ರ ತೆಗೆಯುವವರು ಯೋಚಿಸಬೇಕು.

ಈ ಭಾಗದಲ್ಲಿ ವೀರರ ನೆನಪು ಪುಸ್ತಕದ ಸಂಗತಿಯಲ್ಲ. ನಂದಗಡದಲ್ಲಿ ರಾಯಣ್ಣನ ನೆನಪಿನ ಆಲದ ಮರಕ್ಕೆ ಮಕ್ಕಳ ಭಾಗ್ಯ ಬೇಡುವವರು ತೊಟ್ಟಿಲು ಕಟ್ಟುತ್ತಾರೆ. ಕಿತ್ತೂರಿನಲ್ಲಿ ಪ್ರತಿ ಅಕ್ಟೋಬರಿನಲ್ಲಿ, ಸಂಗೊಳ್ಳಿಯಲ್ಲಿ ಪ್ರತಿ ಜನವರಿಯಲ್ಲಿ ಉತ್ಸವ ನಡೆಯುತ್ತದೆ. 2007ರ ಸೆಪ್ಟೆಂಬರಿನಲ್ಲಿ ಸಂಸತ್ ಭವನದ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ನಿಂತಿತು, 2015ರಲ್ಲಿ ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ರಾಯಣ್ಣನ ಹೆಸರು ಬಂದಿತು. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಬೆಳಗಾವಿ ಜಿಲ್ಲೆಯಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳೂ ಬಹಳ. ಇಂಥಲ್ಲಿ ಚಿತ್ರವನ್ನು ಟೀಕಿಸಿದರೆ ವೀರನನ್ನೇ ಟೀಕಿಸಿದಂತೆ ಕೆಲವರಿಗೆ ತೋರುತ್ತದೆ. ಚೆನ್ನಮ್ಮನನ್ನು ಒಂದು ಸಮುದಾಯಕ್ಕೆ, ರಾಯಣ್ಣನನ್ನು ಇನ್ನೊಂದಕ್ಕೆ ಹಂಚಿಕೊಂಡು ನೋಡುವ ಇತ್ತೀಚಿನ ರೂಢಿ ಈ ತಪ್ಪು ತಿಳಿವಳಿಕೆಯನ್ನು ಮತ್ತಷ್ಟು ಬೆಳೆಸಿದೆ. ಚಿತ್ರ ಬೇರೆ, ವೀರ ಬೇರೆ. ಚೆನ್ನಮ್ಮನನ್ನೂ ರಾಯಣ್ಣನನ್ನೂ ಅಪಾರವಾಗಿ ಗೌರವಿಸುವವರೇ ಅವರ ಮೇಲಿನ ಚಿತ್ರವನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ನೋಡಬೇಕಾದವರು.

ಯುದ್ಧಚಿತ್ರಗಳ ಬಗೆಗಿನ ಇಂಥ ವಾದ ಜಗತ್ತಿನಲ್ಲೆಲ್ಲ ಇದೆ. ಮೊದಲ ಮಹಾಯುದ್ಧದ ಸಾಮಾನ್ಯ ಜರ್ಮನ್ ಸೈನಿಕರ ಕಣ್ಣಿನಿಂದ ಕಂದಕಗಳ ಬದುಕನ್ನು ತೋರಿಸಿದ 1930ರ 'ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್' ಚಿತ್ರವನ್ನು ಜರ್ಮನಿಯಲ್ಲಿ ನಾಜಿಗಳು ಗಲಭೆ ಎಬ್ಬಿಸಿ ನಿಲ್ಲಿಸಿದರು. ಸೈನಿಕನ ಭಯವನ್ನು ತೋರಿಸುವುದು ಸೈನ್ಯಕ್ಕೆ ಅವಮಾನವೆಂಬುದು ಅವರ ವಾದ. ತೆರೆಯ ಮೇಲಿನ ಯುದ್ಧ ಎಷ್ಟೇ ಘೋರವಾಗಿದ್ದರೂ ನೋಡುವವನಿಗೆ ರೋಮಾಂಚನವನ್ನೇ ತರುತ್ತದೆ, ಆದ್ದರಿಂದ ಯುದ್ಧವನ್ನು ನಿಜವಾಗಿ ವಿರೋಧಿಸುವ ಯುದ್ಧಚಿತ್ರ ಸಾಧ್ಯವೇ ಎಂದು ಫ್ರೆಂಚ್ ನಿರ್ದೇಶಕ ತ್ರೂಫೋ ಸಂದೇಹಪಟ್ಟರು. ಕಿತ್ತೂರಿಗೆ ಹೆಚ್ಚು ಹತ್ತಿರವಾದ ಮಾದರಿ 1966ರ 'ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್'. ಫ್ರೆಂಚರ ವಿರುದ್ಧ ಅಲ್ಜೀರಿಯನ್ನರು ನಡೆಸಿದ ಹೋರಾಟವನ್ನು ನಿರ್ದೇಶಕ ಪೊಂಟೆಕೊರ್ವೊ ಅದು ನಡೆದ ಓಣಿಗಳಲ್ಲಿಯೇ, ಬಹುಮಟ್ಟಿಗೆ ವೃತ್ತಿನಟರಲ್ಲದ ಊರಿನವರಿಂದಲೇ ಆಡಿಸಿ ಚಿತ್ರಿಸಿದರು. ಎರಡೂ ಕಡೆಯ ಸಾವುಗಳನ್ನು ಒಂದೇ ದುಃಖದಿಂದ ತೋರಿಸಿದರೂ ಚಿತ್ರದ ನ್ಯಾಯ ಯಾರ ಪರವೆಂಬುದರಲ್ಲಿ ನೋಡಿದವರಿಗೆ ಅನುಮಾನ ಉಳಿಯುವುದಿಲ್ಲ. ಎದುರಾಳಿಯನ್ನು ಮನುಷ್ಯನಾಗಿ ತೋರಿಸಿದರೆ ನಮ್ಮ ವೀರರು ಚಿಕ್ಕವರಾಗುತ್ತಾರೆಂಬ ಅಂಜಿಕೆಗೆ ಆಧಾರವಿಲ್ಲವೆಂಬುದನ್ನು ಆ ಚಿತ್ರ ಸಾಧಿಸಿ ತೋರಿಸಿದೆ.

ಮಲಪ್ರಭೆಯ ಗುಂಟ ಕೆಳಗೆ ಹೋದರೆ ಇಂಥ ಚಿತ್ರಕ್ಕೆ ಕಾದಿರುವ ವಸ್ತುಗಳು ಇನ್ನೂ ಇವೆ. ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ 1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ್ನು ಕೊಂದ ನರಗುಂದದ ಬಾಬಾಸಾಹೇಬನ ದಂಗೆಗೂ ದತ್ತಕವನ್ನು ಒಪ್ಪದ ಸರ್ಕಾರದ ಹಟವೇ ಮೂಲ. ಅವನ ಬಂಧುವೇ ಆಗಿದ್ದ ರಾಮದುರ್ಗದ ಸಂಸ್ಥಾನಿಕ ಬ್ರಿಟಿಷರ ಪಕ್ಷದಲ್ಲಿ ಉಳಿದನು. ಒಂದೇ ರಕ್ತ, ಎರಡು ನಿರ್ಧಾರ. ಒಬ್ಬನನ್ನು ವೀರ, ಇನ್ನೊಬ್ಬನನ್ನು ಹೇಡಿ ಎಂದು ತಕ್ಷಣ ತೀರ್ಪು ಕೊಡದೆ ಆ ಇಬ್ಬರ ಮನಸ್ಸಿನೊಳಗೆ ಇಳಿಯಬಲ್ಲ ಚಿತ್ರಕಥೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕಿಲ್ಲ. ಬೈಲಹೊಂಗಲ ತಾಲೂಕಿನದೇ ಆದ ಬೆಳವಡಿಯಲ್ಲಿ 17ನೆಯ ಶತಮಾನದಲ್ಲಿ ಹೆಂಗಸರ ದಂಡು ಕಟ್ಟಿ ಶಿವಾಜಿಯ ಸೈನ್ಯವನ್ನು ಎದುರಿಸಿದ ಮಲ್ಲಮ್ಮನ ಕಥೆಯೂ ಇದೆ.

ಕಿತ್ತೂರಿನ ಮಟ್ಟಿಗೆ ದಾಖಲೆಗಳ ಕೊರತೆಯೆಂಬ ನೆಪಕ್ಕೆ ಈಗ ಜಾಗವಿಲ್ಲ. ಕಿತ್ತೂರಿನ ಇತಿಹಾಸದ ಬಗ್ಗೆ ಸದಾಶಿವ ಒಡೆಯರ ಬರೆದದ್ದು, ಕಲಬುರ್ಗಿ ಅವರು ಸಂಪಾದಿಸಿದ ಕಿತ್ತೂರು ಸಂಸ್ಥಾನ ಸಾಹಿತ್ಯದ ಸಂಪುಟಗಳು, ಫ್ಲೀಟ್ ಸಂಗ್ರಹಿಸಿದ ಲಾವಣಿ ಇವೆಲ್ಲ ಓದುವವರಿಗಾಗಿ ಕಾದಿವೆ. ಅಂದಿನ ಮಾತಿನ ಧಾಟಿ ಬೈಲಹೊಂಗಲದ ಸಂತೆಯಲ್ಲಿ, ಸವದತ್ತಿ ಎಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಇನ್ನೂ ಕಿವಿಗೆ ಬೀಳುತ್ತದೆ. ಕಿತ್ತೂರಿನ ಅರಮನೆಯ ಪಾಳುಗೋಡೆಗಳು ಹೆದ್ದಾರಿಯಿಂದ ಕೂಗಳತೆಯಲ್ಲಿವೆ. 1961ರ ಚಿತ್ರ ರಾಣಿಯನ್ನು ಕೊಟ್ಟಿತು, 2012ರ ಚಿತ್ರ ನಾಯಕನನ್ನು ಕೊಟ್ಟಿತು. ಹೊಲ ಕಳೆದುಕೊಂಡ ಶೇತಸನದಿಯನ್ನು, ಅವನಿಗೆ ಬುತ್ತಿ ಕಟ್ಟಿಕೊಟ್ಟ ಹೆಂಗಸನ್ನು, ಕೋಟೆಯ ಮುಂದೆ ಬಿದ್ದ ಹೆಸರಿಲ್ಲದ ಸಿಪಾಯಿಯನ್ನು ಕೊಡುವ ಚಿತ್ರ ಇನ್ನೂ ಬರಬೇಕಾಗಿದೆ. ಕಿತ್ತೂರಿನ ಮೊದಲ ಕಾಳಗಕ್ಕೆ 2024ರ ಅಕ್ಟೋಬರ್ 23ಕ್ಕೆ ಇನ್ನೂರು ವರ್ಷ ತುಂಬಿತು. ನಂದಗಡದ ಗಲ್ಲಿಗೆ 2031ರ ಜನವರಿ 26ಕ್ಕೆ ಇನ್ನೂರು ತುಂಬುತ್ತದೆ. ಆ ದಿನದೊಳಗೆ ಕನ್ನಡದ ಯಾರಾದರೊಬ್ಬ ನಿರ್ದೇಶಕರು ಸಂಗೊಳ್ಳಿಗೆ ಹೋಗಿ, ಕ್ಯಾಮೆರಾ ತೆಗೆಯುವ ಮುನ್ನ ಕೆಲವು ತಿಂಗಳು ಅಲ್ಲಿನ ಹಿರಿಯರ ಕಟ್ಟೆಯ ಮೇಲೆ ಕುಳಿತು ಕೇಳಲಿ.